ಏಣಿ ಹೊತ್ತು ನಾಲ್ಕು ತಾಲ್ಲೂಕು

ಮೊನ್ನೆ ದಿನಸಿ ತರಲು ಹೋದಾಗ ನನಗೊಂದು ಸಣ್ಣ ಅವಮಾನವಾಯಿತು. ಹೊಳೆನರಸೀಪುರದಲ್ಲಿ ನಾವು ಇಪ್ಪತ್ತು ವರ್ಷದಿಂದ ಸಾಮಾನು ತರುವುದು ಪದ್ಮರಾಜಯ್ಯನವರ ಅಂಗಡಿಯಿಂದ. ಬೆಳಗೊಳದ ಕಡೆಯ ಜೈನರು. ಮಾತು ಕಡಿಮೆ, ತೂಕ ಸರಿ. ಚೀಟಿ ಕೊಟ್ಟೆ. ತೊಗರಿಬೇಳೆ, ಹುಣಸೆಹಣ್ಣು, ಬಟ್ಟೆ ಸೋಪು ಎಲ್ಲ ಕಟ್ಟಿಸಿದ ಮೇಲೆ ಅವರು ಚೀಟಿಯನ್ನು ತಿರುಗಿಸಿ ನೋಡಿ, ಕನ್ನಡಕ ಮೇಲಕ್ಕೇರಿಸಿಕೊಂಡರು.

“ಮೇಷ್ಟ್ರೇ, ಏಣಿ ನಮ್ಮಲ್ಲಿ ಇಡೋದಿಲ್ಲ. ಹಾರ್ಡ್‌ವೇರ್ ಅಂಗಡೀಲಿ ವಿಚಾರಿಸಿ,” ಅಂದರು.

ಚೀಟಿಯ ಹಿಂದೆ ಹತ್ತು ಮೆಟ್ಟಿಲಿನ ಏಣಿಯ ಚಿತ್ರವಿತ್ತು. ಅದರ ಕೆಳಗೆ ‘ಈಗ ನೀವು ಎಷ್ಟನೇ ಮೆಟ್ಟಿಲಿನಲ್ಲಿದ್ದೀರಿ?’ ಎಂದು ಅಚ್ಚಾಗಿತ್ತು. ನನ್ನ ಹಿಂದೆ ನಿಂತಿದ್ದ ಹೆಂಗಸೊಬ್ಬರು ಕತ್ತು ಚಾಚಿ ನೋಡಿ, “ಮೇಷ್ಟ್ರು ಮನೆ ಮ್ಯಾಲೆ ಮಹಡಿ ಎಬ್ಬಿಸ್ತಾವ್ರೆ ಅಂತ ಕಾಣ್ತದೆ,” ಎಂದು ಪಕ್ಕದವರಿಗೆ ಹೇಳಿದರು. ಸಂಜೆಯೊಳಗೆ ಸಿಮೆಂಟಿನವನೊಬ್ಬ ಫೋನ್ ಮಾಡಿ, ಮರಳೂ ತಾನೇ ತರಿಸಿಕೊಡುತ್ತೇನೆ ಎಂದ.

ತಪ್ಪು ನನ್ನದೇ. ಆ ಏಣಿಯ ಹಾಳೆಗಳು ನಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ತುಂಬ ಬಿದ್ದಿವೆ. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದವನ ಕೈಯಲ್ಲಿ ಆಗದ ಕೆಲಸ ಒಂದಿದ್ದರೆ, ಅದು ಒಂದು ಮಗ್ಗುಲು ಖಾಲಿ ಇರುವ ಕಾಗದವನ್ನು ಎಸೆಯುವುದು. ಹಾಗಾಗಿ ನಮ್ಮ ಮನೆಯ ದಿನಸಿ ಚೀಟಿ, ಗ್ಯಾಸಿನವನಿಗೆ ಬರೆದಿಡುವ ಸೂಚನೆ, ನೆಂಟರಿಗೆ ದಾರಿ ತೋರಿಸುವ ನಕ್ಷೆ ಎಲ್ಲದರ ಬೆನ್ನಿಗೂ ಒಂದು ಏಣಿ ಇರುತ್ತದೆ.

ಈ ಏಣಿ ನನ್ನ ಕೊರಳಿಗೆ ಗಂಟುಬಿದ್ದದ್ದು ನನ್ನ ಅಕ್ಕನ ಮಗಳು ನಾಗವೇಣಿಯಿಂದ. ನಾವು ಕರೆಯುವುದು ನಾಗು ಎಂದು. ಅವಳು ಏಳು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದಳು. ವಿಷಯ: ಹಾಸನ ಜಿಲ್ಲೆಯ ಪ್ರೌಢಶಾಲಾ ಮಕ್ಕಳ ಜೀವನ ತೃಪ್ತಿ ಮತ್ತು ಯೋಗಕ್ಷೇಮ. ಅಂದರೆ, ಮಕ್ಕಳು ಎಷ್ಟು ಖುಷಿಯಾಗಿದ್ದಾರೆ ಎಂದು ಅಳೆಯುವುದು. ನಮ್ಮ ಅಕ್ಕನಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. “ಎತ್ತರ ಅಳೆದದ್ದು ಗೊತ್ತು, ಜ್ವರ ಅಳೆದದ್ದು ಗೊತ್ತು. ಖುಷಿ ಅಳೆಯೋಕೆ ಇವಳು ಏನನ್ನ ಎಲ್ಲಿಗೆ ಇಟ್ಟು ನೋಡ್ತಾಳೋ,” ಎಂದು ನನ್ನ ಹತ್ತಿರ ಗುಟ್ಟಾಗಿ ಕೇಳಿದ್ದಳು.

ಈ ಏಳು ವರ್ಷದಲ್ಲಿ ನಾಗು ಯಾವುದಕ್ಕೆ ಕರೆದರೂ ಒಂದೇ ಉತ್ತರ ಕಲಿತಿದ್ದಳು: “ಇದೊಂದು ಮುಗೀಲಿ.” ಗೆಳತಿಯ ಮದುವೆಗೆ ಬಾರೇ ಅಂದರೆ, ಇದೊಂದು ಮುಗೀಲಿ. ಕನ್ನಡಕದ ಒಂದು ಕಡ್ಡಿ ಮುರಿದಿದೆಯಲ್ಲ, ಹಾಕಿಸೇ ಅಂದರೆ, ಇದೊಂದು ಮುಗೀಲಿ. ಕನ್ನಡಕ ದಾರದಲ್ಲೇ ನಿಂತಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಅವಳು ಎರಡು ಚೀಲ ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಏಣಿ.

“ಮಾಮ, ನಮ್ಮ ಗೈಡ್ ಮೇಡಂ ಮಾರ್ಚ್ ಕೊನೆಗೆ ರಿಟೈರ್ ಆಗ್ತಾರೆ. ಅಷ್ಟರೊಳಗೆ ನಾನ್ನೂರು ಫಾರಂ ತುಂಬಿಸಿ ಮೈಸೂರಿಗೆ ಒಯ್ದು ಒಪ್ಪಿಸ್ಬೇಕು. ಇಲ್ದಿದ್ರೆ ಬೇರೆ ಗೈಡು, ಬೇರೆ ವಿಷಯ, ಮತ್ತೆ ಮೊದಲಿಂದ ಶುರು. ಆಗ ನಾನು ಮಾಡಲ್ಲ. ಬಿಟ್ಟುಬಿಡ್ತೀನಿ,” ಅಂದಳು.

“ನಾನೇನು ಮಾಡ್ಬೇಕು?”

“ನಾಲ್ಕು ತಾಲ್ಲೂಕಲ್ಲೂ ನಿಮ್ಮ ಶಿಷ್ಯರೇ ಮೇಷ್ಟ್ರಾಗಿದಾರೆ. ನೀವು ಜೊತೇಲಿ ಬಂದು ಸುಮ್ನೆ ನಿಂತ್ಕೊಂಡ್ರೆ ಸಾಕು.”

ಸುಮ್ಮನೆ ನಿಲ್ಲುವುದರಲ್ಲಿ ನನಗೆ ಬಹಳ ಅನುಭವವಿದೆ. ಪರೀಕ್ಷಾ ಕೊಠಡಿಗಳಲ್ಲಿ ಅರ್ಧ ಆಯಸ್ಸು ಹಾಗೇ ಕಳೆದಿದೆ. ಒಪ್ಪಿಕೊಂಡೆ. ಹಾಸನ, ಚನ್ನರಾಯಪಟ್ಟಣ, ಅರಕಲಗೂಡು, ನಮ್ಮ ಹೊಳೆನರಸೀಪುರ. ತಾಲ್ಲೂಕಿಗೆ ನೂರು ಮಕ್ಕಳು. ಏಣಿಯ ಮೇಲಿನ ಮೆಟ್ಟಿಲು ಎಂದರೆ ಇದಕ್ಕಿಂತ ಒಳ್ಳೆಯ ಬದುಕಿಲ್ಲ ಎಂದು, ಕೆಳಗಿನದೆಂದರೆ ಇದಕ್ಕಿಂತ ಕೆಟ್ಟದ್ದಿಲ್ಲ ಎಂದು. ಮಗು ತಾನು ನಿಂತ ಮೆಟ್ಟಿಲಿಗೆ ಒಂದು ಸುತ್ತು ಹಾಕಿ, ಕೆಳಗಿನ ಗೆರೆಗಳಲ್ಲಿ ಕಾರಣ ಬರೆಯಬೇಕು. ಹೆಸರು ಹಾಕುವ ಹಾಗಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಏಳು ವರ್ಷ ಯಾಕೆ ಬೇಕಾಯಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಎಲ್ಲ ಮಾವಂದಿರೂ ಹಾಗೇ ಅಂದುಕೊಳ್ಳುತ್ತಾರೆ.

ಮೊದಲು ಹಾಸನದ ಒಂದು ಖಾಸಗಿ ಶಾಲೆ. ಅಲ್ಲಿನ ಮುಖ್ಯಸ್ಥರು ಬಹಳ ಶಿಸ್ತಿನವರು. ಹಿಂದಿನ ದಿನವೇ ಒಂದು ಹಾಳೆ ತರಿಸಿಕೊಂಡರು, ‘ಪೇಪರ್ ಪ್ಯಾಟರ್ನ್ ನೋಡೋಕೆ’ ಅಂತ. ಮಾರನೇ ದಿನ ಹೋದರೆ ನೂರಕ್ಕೆ ನೂರು ಮಕ್ಕಳೂ ಹತ್ತನೇ ಮೆಟ್ಟಿಲಿನಲ್ಲಿ ಒತ್ತಿಕೊಂಡು ನಿಂತಿದ್ದರು. ಕಾರಣವೂ ಒಂದೇ: ‘ನಮ್ಮ ಶಾಲೆಯ ಉತ್ತಮ ಸೌಲಭ್ಯಗಳು ಹಾಗೂ ನುರಿತ ಶಿಕ್ಷಕ ವೃಂದ.’ ಒಬ್ಬ ಪ್ರಾಮಾಣಿಕ ಮಾತ್ರ ಅದರ ಕೆಳಗೆ, ‘ಇದನ್ನು ಬೋರ್ಡಿನಿಂದ ಬರೆದುಕೊಂಡಿದ್ದೇನೆ’ ಎಂದು ಸೇರಿಸಿದ್ದ. ಇನ್ನೊಬ್ಬಳು ಕೈ ಎತ್ತಿ, “ಸರ್, ತಪ್ಪು ಬರೆದ್ರೆ ಮೈನಸ್ ಮಾರ್ಕ್ಸ್ ಇದ್ಯಾ?” ಎಂದು ಕೇಳಿದಳು. ಇಂಥದ್ದಕ್ಕೆ ಉತ್ತರ ಹೇಳಲು ಬಿ.ಇಡಿ.ಯಲ್ಲಿ ನಮಗೆ ಕಲಿಸಿರಲಿಲ್ಲ.

ಚನ್ನರಾಯಪಟ್ಟಣದ ಕಡೆ ತೊಂದರೆ ಬೇರೆ ಥರದ್ದು. ಅದು ತೆಂಗಿನ ಸೀಮೆ. ಅಲ್ಲಿನ ಮಕ್ಕಳಿಗೆ ಏಣಿ ಕಂಡ ಕೂಡಲೇ ಬದುಕು ಮರೆತುಹೋಯಿತು. ಬಿದಿರಿನದ್ದೋ ಅಲ್ಯೂಮಿನಿಯಂದೋ ಎಂದು ಒಬ್ಬ ವಿಚಾರಿಸಿದ. “ಈಗ ಮರ ಹತ್ತೋ ಮಿಷನ್ನೇ ಬಂದೈತೆ, ಏಣಿ ಯಾಕೆ ಸಾ?” ಎಂದು ಒಬ್ಬಳು ನನ್ನನ್ನೇ ಕೇಳಿದಳು, ಏಣಿಯನ್ನು ನಾನೇ ಕಂಡುಹಿಡಿದ ಹಾಗೆ. ಒಬ್ಬ ಹುಡುಗ ಯಾವ ಮೆಟ್ಟಿಲಿಗೂ ಸುತ್ತು ಹಾಕಿರಲಿಲ್ಲ. ಏಣಿಯ ಬುಡದಲ್ಲಿ ಒಬ್ಬ ಮನುಷ್ಯನನ್ನು ಬರೆದು, ‘ನಾನು ಮೇಲೆ ಹತ್ತಿಲ್ಲ. ಕೆಳಗೆ ಹಿಡಿದುಕೊಂಡಿದ್ದೇನೆ. ಮೇಲಿರುವುದು ನಮ್ಮ ಅಣ್ಣ’ ಎಂದು ಬರೆದಿದ್ದ.

ನಾಗು ಆ ಹಾಳೆಯನ್ನು ಬಸ್ಸಿನಲ್ಲಿ ಬಹಳ ಹೊತ್ತು ಹಿಡಿದುಕೊಂಡಿದ್ದಳು. “ಇದನ್ನ ಸೊನ್ನೆ ಅಂತ ತಗೊಳ್ಳೋದಾ ಮಾಮ?”

“ಸೊನ್ನೆ ಹೆಂಗಾಗ್ತದೆ? ಇವನು ಕೈ ಬಿಟ್ರೆ ಅಣ್ಣನೂ ಸೊನ್ನೆ,” ಅಂದೆ. ಅಂದು ಕಣ್ಣು ಮುಚ್ಚಿಕೊಂಡೆ. ಬಸ್ಸು ಹೊರಟ ಐದು ನಿಮಿಷಕ್ಕೆ ನಿದ್ದೆ ಬರುವುದು ನನಗೆ ಸರ್ಕಾರಿ ನೌಕರಿ ಕೊಟ್ಟ ಅಭ್ಯಾಸ.

ಅರಕಲಗೂಡಿನಲ್ಲಿ ನಾಗು ನಿಜವಾಗಿಯೂ ಹೆದರಿದಳು. ಅಲ್ಲಿ ನೂರು ಮಕ್ಕಳಲ್ಲಿ ಒಬ್ಬನೂ ಮೂರನೇ ಮೆಟ್ಟಿಲು ದಾಟಿರಲಿಲ್ಲ. ಅರ್ಧಕ್ಕೆ ಅರ್ಧ ಒಂದನೇ ಮೆಟ್ಟಿಲಿನಲ್ಲಿ ಕೂತಿದ್ದರು. ಕಾರಣ ಬರೆಯುವ ಗೆರೆಯ ಮೇಲೆ ‘ಏನೂ ಇಲ್ಲ’ ಎಂದಷ್ಟೇ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಕೂತು ಹಾಳೆಗಳನ್ನು ಮತ್ತೆ ಮತ್ತೆ ತಿರುಗಿಸಿದಳು. “ಇಷ್ಟೊಂದು ದುಃಖದಲ್ಲಿರೋ ಮಕ್ಕಳನ್ನ ನಾನು ಯಾವ ಪುಸ್ತಕದಲ್ಲೂ ಓದಿಲ್ಲ ಮಾಮ. ಯಾರಿಗಾದ್ರೂ ಹೇಳ್ಬೇಕು,” ಅಂದಳು. ಅವಳು ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ಹೊರಗೆ ಆ ದುಃಖದ ಮಕ್ಕಳು ಕಬಡ್ಡಿ ಆಡುತ್ತ ಸೂರು ಹಾರಿಹೋಗುವಂತೆ ಕೂಗುತ್ತಿದ್ದರು.

ಗೆದ್ದ ತಂಡದಲ್ಲಿ ಮೈಯೆಲ್ಲ ಮಣ್ಣಾಗಿದ್ದ ಹುಡುಗನೊಬ್ಬನನ್ನು ಕರೆದೆ. ಮನೋಜ ಅಂತ ಹೆಸರು.

“ಎಷ್ಟನೇ ಮೆಟ್ಲು ಬರ್ದ್ಯೋ?”

“ಎಲ್ಡು ಸಾ.”

“ಅಂಥ ಕಷ್ಟ ಏನ್ಲಾ ನಿಂಗೆ?”

“ಕಷ್ಟ ಏನಿಲ್ಲ ಸಾ.” ಅವನು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. “ಮ್ಯಾಲಿನ್ ಮೆಟ್ಲು ಬರುದ್ರೆ ಕಾರ್ಡು ಕ್ಯಾನ್ಸಲ್ ಆಯ್ತದಂತೆ. ಯಾರೇ ಫಾರಂ ಇಡ್ಕಂಡ್ ಬಂದ್ರೂವೆ ಏನೂ ಇಲ್ಲ ಅಂತ್ಲೇ ಬರ್ಸು ಅಂತ ನಮ್ಮವ್ವ ಯೋಳವ್ಳೆ.”

“ಇದು ರೇಷನ್ ಕಾರ್ಡಿನ ಸರ್ವೆ ಅಲ್ಲ ಕಣೋ. ಖುಷಿಯಾಗಿದ್ದೀರಾ ಅಂತ ಕೇಳೋದು ಅಷ್ಟೇ.”

“ಮೊದ್ಲು ಅಂಗೇ ಕೇಳ್ತಾರೆ ಸಾ,” ಎಂದ ಮನೋಜ, ನನ್ನ ಮೇಲೆ ಕನಿಕರಪಟ್ಟು. “ಆಮ್ಯಾಕೆ ಫ್ರಿಜ್ಜೈತಾ, ಗಾಡಿ ಐತಾ ಅಂತಾರೆ.”

ನನಗೆ ಆ ಕ್ಷಣ ನಗು ಬರುವ ಬದಲು ನಾಚಿಕೆಯಾಯಿತು. ನಾನೂ ಅದೇ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿದವನು. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ನಮ್ಮ ಅಜ್ಜಿಯ ವಿಷಯ ಹೇಳಿದರೆ ನಿಮಗೆ ಅರ್ಥವಾಗುತ್ತದೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಊರಿಗೆ ಯಾವುದೋ ಸರ್ವೆಯವರು ಬಂದರು. ಮನೆಯಲ್ಲಿ ಏನೇನಿದೆ ಎಂದು ಬರೆದುಕೊಳ್ಳುವುದು ಅವರ ಕೆಲಸ. ಏನೂ ಇಲ್ಲ ಎಂದು ಬರೆಸುವುದು ಊರಿನ ಕೆಲಸ. ಅವರು ಊರಬಾಗಿಲಲ್ಲಿ ಕಾಣಿಸಿಕೊಂಡ ಸುದ್ದಿ ಬಂದ ಕೂಡಲೇ ನಮ್ಮಜ್ಜಿ ಎರಡು ಹಸುಗಳನ್ನು ಹಿತ್ತಲಿನಿಂದ ಪಕ್ಕದ ಮನೆಗೆ ಅಟ್ಟಿದಳು. ಪಕ್ಕದ ಮನೆಯವರು ತಮ್ಮ ಮೂರನ್ನು ಅದರಾಚೆಯ ಮನೆಗೆ ಅಟ್ಟಿದ್ದರು. ಹೀಗೆ ಊರಿನ ದನವೆಲ್ಲ ಮನೆಯಿಂದ ಮನೆಗೆ ಸರಿಯುತ್ತ ಹೋಗಿ, ಕೊನೆಯ ಮನೆಯ ಮುದುಕಪ್ಪನೊಬ್ಬನ ಪಾಲಿಗೆ ಮೂವತ್ತು ದನ ಬಂದವು. ಸರ್ಕಾರದ ಪುಸ್ತಕದಲ್ಲಿ ಅವನೇ ಊರಿಗೆ ದೊಡ್ಡ ಸಾಹುಕಾರನಾದ ಎಂದು ಆಮೇಲೆ ಹೇಳುತ್ತಿದ್ದರು.

ಉಳಿದದ್ದು ರೇಡಿಯೋ. ಅಜ್ಜಿ ಅದನ್ನು ರಾಗಿ ತುಂಬಿದ್ದ ಮಣ್ಣಿನ ವಾಡೆಯೊಳಗೆ ಹೂತು, ಮೇಲೆ ಮುಚ್ಚಳವಿಟ್ಟು, ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, “ಕೆನ್ನೆ ಒಳೀಕ್ ಎಳ್ಕಳ್ಲಾ, ಸೊರಗ್ದಂಗೆ ಕಾಣ್ಲಿ,” ಅಂದಳು. ನಾನು ಎಳೆದುಕೊಂಡೆ. ಸರ್ವೆಯವನು ಬಂದು ಪೆನ್ನು ತೆಗೆದ. ಹೂಳುವ ಅವಸರದಲ್ಲಿ ಅಜ್ಜಿಯ ಕೈ ಯಾವ ಗುಂಡಿಗೆ ತಾಗಿತ್ತೋ, ವಾಡೆಯೊಳಗಿನಿಂದ ಗಂಡಸಿನ ದನಿಯೊಂದು ಗಂಭೀರವಾಗಿ ಮಾತಾಡತೊಡಗಿತು.

“ಯಾರಮ್ಮಾ ಅದು?” ಎಂದ ಸರ್ವೆಯವನು.

“ನಮ್ಮ ಮಾವ ಸಾ. ಸತ್ತು ಆರು ವರ್ಸಾತು. ಆಗಾಗ ಇಂಗೆ ಮಾತಾಡ್ತದೆ.”

ಅವನು ಕಿವಿಗೊಟ್ಟು ಕೇಳಿದ. “ಆಲೂಗಡ್ಡೆ ಧಾರಣೆ ಹೇಳ್ತಾ ಇದೆಯಲ್ಲಮ್ಮಾ?”

“ಬದುಕಿದ್ದಾಗ್ಲೂ ಅದುಕ್ಕೆ ಅದೇ ಯೋಚ್ನೆ ಸಾ,” ಅಂದಳು ಅಜ್ಜಿ, ಕಣ್ಣು ಕೂಡ ಮಿಟುಕಿಸದೆ.

ಅವನು ರೇಡಿಯೋ ಎಂಬ ಕಾಲಮಿನ ಮುಂದೆ ಏನು ಬರೆದನೋ ಗೊತ್ತಿಲ್ಲ. ಅವತ್ತಿನಿಂದ ನಮ್ಮ ರೇಡಿಯೋ ವಾರ್ತೆ ಓದುವಾಗಲೆಲ್ಲ ಒಂದೊಂದು ರಾಗಿಕಾಳು ಉದುರಿಸುತ್ತಿತ್ತು. ನಾನು ಮಾತ್ರ ಸರ್ವೆಯವನು ಹೋಗಿ ಅರ್ಧ ಗಂಟೆಯಾದರೂ ಕೆನ್ನೆ ಬಿಟ್ಟಿರಲಿಲ್ಲವಂತೆ, ಯಾರೂ ಬಿಡು ಅಂದಿರಲಿಲ್ಲ ನೋಡಿ.

ಇಂಥ ಊರುಗಳಿಗೆ ನಾಗು ಏಣಿ ತೆಗೆದುಕೊಂಡು ಹೋಗಿ, ನಿಮ್ಮಲ್ಲಿ ಖುಷಿ ಎಷ್ಟಿದೆ, ಬರೆದುಕೊಡಿ ಅಂದಿದ್ದಳು. ಅಜ್ಜಿ ಹಸುವನ್ನು ಅಟ್ಟಿದ ಹಾಗೆ ಮಕ್ಕಳು ಖುಷಿಯನ್ನೂ ಪಕ್ಕದ ಮನೆಗೆ ಅಟ್ಟಿ, ಕೆನ್ನೆ ಒಳಕ್ಕೆಳೆದುಕೊಂಡು ನಿಂತಿದ್ದರು.

ದಾರಿ ತೋರಿಸಿದವನೂ ಮನೋಜನೇ. ನಾವು ಮಾತಾಡುತ್ತಿರುವಾಗ ಅವನ ಗೆಳೆಯನೊಬ್ಬ ಹತ್ತಿರ ಬಂದ. ಮನೋಜ ಅವನ ಕಡೆ ಬೆರಳು ತೋರಿಸಿ, “ಇವ್ನು ಎಷ್ಟು ಬರ್ದವ್ನೆ ಸಾ? ಒಂದಾ? ಸುಳ್ಳು. ಅವ್ರಪ್ಪ ಶುಂಠಿ ಮಾರಿ ಹೊಸಾ ಪಿಕಪ್ ತಂದವ್ರೆ. ದಿನಾ ಅದ್ರಲ್ಲೇ ಇಸ್ಕೂಲಿಗೆ ಬತ್ತಾನೆ, ಹಿಂದ್ಗಡೆ ನಿಂತ್ಕಂಡು ಹಾಡೇಳ್ಕಂಡು. ಒಂಬತ್ತರಲ್ಲವ್ನೆ ಅವ್ನು,” ಅಂದ. ಗೆಳೆಯ ಸುಮ್ಮನಿರಲಿಲ್ಲ. “ಇವ್ನೇನು ಕಮ್ಮಿನಾ ಸಾ? ಬಾವಿ ತಾವ ನಾಯಿಮರಿ ಸಿಕ್ಕಿದ್ಮ್ಯಾಕೆ ಇವ್ನು ಹತ್ತು,” ಅಂದ.

ನಾನು ನಾಗು ಕಡೆ ನೋಡಿದೆ. ಅವಳು ದಾರ ಕಟ್ಟಿದ ಕನ್ನಡಕದೊಳಗಿಂದ ಆ ಇಬ್ಬರನ್ನೂ ನೋಡುತ್ತಿದ್ದಳು. ನಮ್ಮ ಕಡೆ ಯಾರಿಗೂ ತಮ್ಮ ವಿಷಯ ಹೇಳಿ ಅಭ್ಯಾಸವಿಲ್ಲ. ಪಕ್ಕದವರದ್ದಾದರೆ ಕೇಳದಿದ್ದರೂ ಹೇಳುತ್ತೇವೆ.

ಅವಳು ಆಲದ ಮರದ ಕೆಳಗೆ ನಿಂತು ಗೈಡ್ ಮೇಡಂಗೆ ಫೋನ್ ಮಾಡಿದಳು. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದಳು. ಪ್ರಶ್ನೆಯನ್ನು ಬದಲಾಯಿಸುತ್ತೇನೆ, ಮಗು ತನ್ನ ಬಗ್ಗೆ ಬರೆಯುವುದು ಬೇಡ, ಬೆಂಚಿನಲ್ಲಿ ಪಕ್ಕ ಕೂರುವವರ ಬಗ್ಗೆ ಬರೆಯಲಿ, ಹೇಗೆ ಗೊತ್ತಾಯಿತು ಎನ್ನುವುದನ್ನೂ ಬರೆಯಲಿ ಎಂದಳು.

“ನನ್ನ ಸರ್ವಿಸ್‌ನಲ್ಲಿ ಇಂಥದ್ದನ್ನ ಕೇಳಿಲ್ಲ,” ಎಂದಿತು ಮೇಡಂ ದನಿ. “ಹಳೇ ಫಾರಂಗಳು?”

“ಎಲ್ಲಾ ವೇಸ್ಟು ಮೇಡಂ. ಇನ್ನು ಮೂರು ವಾರ ಇದೆ. ಮತ್ತೆ ನಾನ್ನೂರು ಮಾಡ್ತೀನಿ.”

“ಒಂದು ಕಮ್ಮಿ ಆದ್ರೂ ನಾನು ಸಹಿ ಹಾಕೋಕಾಗಲ್ಲ, ತಿಳ್ಕೋ,” ಎಂದ ಮೇಡಂ, ಫೋನ್ ಇಡುವ ಮುಂಚೆ ಸೇರಿಸಿದರು: “ನಮ್ಮತ್ತೆನೂ ಅರಕಲಗೂಡಿನವರೇ. ಮಾಡು.”

ಹಳೆಯ ಫಾರಂಗಳ ಮಿಕ್ಕ ಪ್ರತಿಗಳೇ ಈಗ ನಮ್ಮ ಅಟ್ಟದ ಮೇಲಿರುವುದು. ಹೊಸದನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿ, ನಾಲ್ಕು ತಾಲ್ಲೂಕನ್ನೂ ಮೊದಲಿಂದ ಸುತ್ತತೊಡಗಿದೆವು. ಹಾಸನದಲ್ಲಿ ಈ ಸಲ ಬೇರೆ ಶಾಲೆ ಹಿಡಿದೆವು, ಹಿಂದಿನ ದಿನ ಹಾಳೆ ಯಾರಿಗೂ ಕೊಡಲಿಲ್ಲ. ದಿನಾ ಬೆಳಿಗ್ಗೆ ಬಸ್ಸು, ಮಧ್ಯಾಹ್ನ ನಾನು ಹಳೆಯ ಶಿಷ್ಯರ ಜೊತೆ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಹರಟೆ, ಸಂಜೆ ಬಸ್ಸಿನಲ್ಲಿ ನಿದ್ದೆ.

ಮಕ್ಕಳು ಬರೆದದ್ದು ಮಾತ್ರ ಒಂದಕ್ಕಿಂತ ಒಂದು ಚೆನ್ನಾಗಿತ್ತು. ತನ್ನ ವಿಷಯಕ್ಕೆ ‘ಏನೂ ಇಲ್ಲ’ ಎಂದು ಬರೆದಿದ್ದ ಕೈಗಳೇ ಪಕ್ಕದವರ ವಿಷಯಕ್ಕೆ ಹಾಳೆಯ ಅಂಚಿನಲ್ಲೆಲ್ಲ ಬರೆದಿದ್ದವು. ‘ಇವನು ಎಂಟು. ಇವನು ನಕ್ಕರೆ ಬೆಂಚು ಅಲುಗುತ್ತದೆ. ನನ್ನ ಅಕ್ಷರ ಕೆಟ್ಟಿರುವುದು ಅದಕ್ಕೇ, ಮಾರ್ಕ್ಸ್ ಕಳೆಯಬೇಡಿ.’ ‘ಇವಳು ಖುಷಿಯಾಗಿದ್ದರೆ ರಬ್ಬರ್ ಕೊಡುತ್ತಾಳೆ. ಮೂರು ದಿನದಿಂದ ಕೊಟ್ಟಿಲ್ಲ. ಆದ್ದರಿಂದ ನಾಲ್ಕು.’ ರುದ್ರಪಟ್ಟಣದ ಕಡೆಯ ಹುಡುಗಿಯೊಬ್ಬಳ ಬಗ್ಗೆ: ‘ಮನೆಯಲ್ಲಿ ಸಂಗೀತದ ಪಾಠ ಇದ್ದ ದಿನ ಆರು. ಮೇಷ್ಟ್ರಿಗೆ ಗಂಟಲು ಕಟ್ಟಿದ ದಿನ ಹತ್ತು.’ ಇನ್ನೊಂದು ಹಾಳೆ: ‘ಐದು. ಅವಳ ಅಮ್ಮ ಆಸ್ಪತ್ರೆಯಲ್ಲಿದ್ದಾರೆ. ಜಡೆ ತಾನೇ ಹಾಕಿಕೊಂಡು ಬರುತ್ತಾಳೆ, ಒಂದು ಮೇಲೆ ಒಂದು ಕೆಳಗೆ. ಪ್ರಾರ್ಥನೆಗೆ ಮುಂಚೆ ನಾನು ಸರಿ ಮಾಡುತ್ತೇನೆ. ಮಾಡಿದ ಮೇಲೆ ಐದೂವರೆ.’ ಅರ್ಧ ಮೆಟ್ಟಿಲನ್ನು ಏಣಿಯಲ್ಲಿ ಎಲ್ಲಿ ತೋರಿಸುವುದೆಂದು ನಾಗು ಬಹಳ ತಲೆಕೆಡಿಸಿಕೊಂಡಳು. ಮೂವತ್ತು ವರ್ಷ ಮೂವತ್ತು ಮೂವತ್ತು ಜೊತೆ ಜಡೆಗಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದ ನಾನು, ಅವುಗಳಲ್ಲಿ ಒಂದನ್ನೂ ನೋಡಿರಲಿಲ್ಲ ಎಂದು ನನಗೆ ಅವತ್ತು ಅನ್ನಿಸಿತು.

ಕೊನೆಯ ಶಾಲೆ ನಮ್ಮ ತಾಲ್ಲೂಕಿನ ಹಳೇಕೋಟೆಯ ಕಡೆ. ಗುರುವಾರ. ಶನಿವಾರ ನಾಗು ಮೈಸೂರಿನಲ್ಲಿರಬೇಕು, ಅದೇ ಮೇಡಂ ಕೊಟ್ಟ ಕೊನೆಯ ದಿನ. ಇನ್ನು ಇಪ್ಪತ್ತಾರು ಹಾಳೆ ತುಂಬಿಸಿದರೆ ನಾನ್ನೂರು. ಎಂಟನೇ ಕ್ಲಾಸಿನಲ್ಲಿ ಇಪ್ಪತ್ತಾರು ಮಕ್ಕಳು ಹಾಜರಿದ್ದರು. ಎಲ್ಲರೂ ಬರೆದರು, ಹಾಳೆ ಕಟ್ಟಿಕೊಂಡು ಬಂದೆವು.

ಸಂಜೆ ನಾಲ್ಕೂವರೆಗೆ ಬಸ್ಸಿಗೆ ಕಾಯುತ್ತ ತಂಗುದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ನಾಗು ಒಂದೊಂದೇ ಹಾಳೆ ಓದಿ ಎಣಿಸಿ ಚೀಲಕ್ಕೆ ಹಾಕುತ್ತಿದ್ದಳು. ಕೊನೆಯ ಹಾಳೆಗೆ ಬಂದಾಗ ಕೈ ನಿಂತಿತು.

“ಮಾಮ, ಒಂದು ಕಮ್ಮಿ.”

“ಕೈಯಲ್ಲಿದೆಯಲ್ಲೇ.”

“ಇದು ಲೆಕ್ಕಕ್ಕೆ ಬರಲ್ಲ.” ಹಾಳೆಯನ್ನು ನನ್ನ ಕೈಗೆ ಕೊಟ್ಟು ರಸ್ತೆಯ ಕಡೆ ಮುಖ ತಿರುಗಿಸಿಕೊಂಡಳು.

ಗುಂಡಗಿನ, ಜೋಪಾನದ ಅಕ್ಷರ. ‘ನನ್ನ ಪಕ್ಕ ಕೂರುವ ಮೋನಿಷಾ ಇವತ್ತು ಬಂದಿಲ್ಲ. ಖಾಲಿ ಬಿಟ್ಟರೆ ಅಕ್ಕನಿಗೆ ಬೇಜಾರಾಗುತ್ತದೆ. ಅದಕ್ಕೆ ಅಕ್ಕನ ಬಗ್ಗೆಯೇ ಬರೆಯುತ್ತೇನೆ. ಅಕ್ಕ ಮೂರನೇ ಮೆಟ್ಟಿಲಿನಲ್ಲಿದ್ದಾರೆ. ಹೇಗೆ ಗೊತ್ತು ಎಂದರೆ, ನಾವೆಲ್ಲ ಬಿಸಿಯೂಟ ಮಾಡುವಾಗ ಅಕ್ಕ ಲೈಬ್ರರಿ ರೂಮಿನಲ್ಲಿ ಒಬ್ಬರೇ ಬಿಸ್ಕತ್ತು ತಿಂದರು. ಒಂದು ಬಿಸ್ಕತ್ತು ತಿನ್ನುತ್ತಾರೆ, ಫಾರಂ ಎಣಿಸುತ್ತಾರೆ, ಮತ್ತೆ ಒಂದು ತಿನ್ನುತ್ತಾರೆ. ನಮ್ಮ ಹತ್ತಿರ ಬಂದಾಗ ನಗುತ್ತಾರೆ. ಬಾಗಿಲು ದಾಟಿದ ಮೇಲೆ ನಿಲ್ಲಿಸುತ್ತಾರೆ. ಅಕ್ಕನ ಪಕ್ಕ ಯಾರೂ ಕೂರುವುದಿಲ್ಲ. ಅದಕ್ಕೆ ನಾನು ಬರೆದೆ.’

ನಾನು ಎರಡು ಸಲ ಓದಿದೆ. ಅಕ್ಕನ ಪಕ್ಕ ಯಾರೂ ಕೂರುವುದಿಲ್ಲ ಎನ್ನುವುದು ಸುಳ್ಳು. ಇಷ್ಟು ವಾರ ಬಸ್ಸಿನಲ್ಲಿ ಅವಳ ಪಕ್ಕ ಕೂತಿದ್ದವನು ನಾನೇ. ನಿದ್ದೆ ಮಾಡುತ್ತಿದ್ದೆ. ಮಧ್ಯಾಹ್ನ ನಾನು ಡಬ್ಬಿ ಬಿಚ್ಚುವಾಗ ಅವಳು ಎಲ್ಲಿ ಹೋಗುತ್ತಾಳೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅವಳಿಗೆ ಕೆಲಸವಿರುತ್ತದೆ ಅಂದುಕೊಂಡಿದ್ದೆ. ನನಗೆ ಬಹಳ ಕೆಟ್ಟದೆನಿಸಿತು. ಕೆಟ್ಟದೆನಿಸಿದಾಗ ಗಂಡಸರು ಮಾಡುವ ಹಾಗೆ ಪ್ರಯೋಜನಕ್ಕೆ ಬಾರದ ಸಲಹೆಯೊಂದನ್ನು ಕೊಟ್ಟೆ.

“ಒಂದು ತಾನೆ? ಖಾಲಿ ಹಾಳೆ ಕೊಡು, ನಾನೇ ಎಡಗೈಲಿ ಬರೆದುಕೊಡ್ತೀನಿ. ಎಂಟನೇ ಕ್ಲಾಸಿನವರ ಅಕ್ಷರದ ಹಾಗೇ ಬರ್ತದೆ.”

“ಬೇಡ ಮಾಮ. ಏಳು ವರ್ಷ ಆಗಿದೆ. ಒಂದು ಹಾಳೆಗೆ ಸುಳ್ಳು ಯಾಕೆ?” ಅಂದಳು. ಇನ್ನೂ ರಸ್ತೆಯನ್ನೇ ನೋಡುತ್ತ, “ಅವಳು ಮೂರು ಕೊಟ್ಟಿದಾಳೆ. ಜಾಸ್ತೀನೇ ಆಯ್ತು,” ಅಂದಳು.

ಬಸ್ಸು ಬಂತು. ಅವತ್ತು ನನಗೆ ನಿದ್ದೆ ಬರಲಿಲ್ಲ. ಪಕ್ಕದಲ್ಲಿ ಎಚ್ಚರವಾಗಿ ಕೂತವನಿಗೆ ಏನು ಮಾತಾಡಬೇಕೋ ತಿಳಿಯದೆ, ಕಿಟಕಿಯಾಚೆಯ ಮೆಕ್ಕೆಜೋಳದ ಧಾರಣೆಯ ಬಗ್ಗೆ ಒಂದಷ್ಟು ಹೇಳಿದೆ. ಅವಳು ಹೂಂ ಅಂದಳು.

ಶುಕ್ರವಾರ ಬೆಳಿಗ್ಗೆ ಒಂದೇ ಒಂದು ಖಾಲಿ ಹಾಳೆ ಹಿಡಿದುಕೊಂಡು ಮತ್ತೆ ಹಳೇಕೋಟೆಯ ಕಡೆಯ ಆ ಶಾಲೆಗೆ ಹೋದೆವು. ಮೋನಿಷಾ ಪಕ್ಕ ಕೂರುವವಳು ಯಾರು ಎಂದು ವಿಚಾರಿಸಿದಾಗ, ಬರೆದವಳ ಹೆಸರು ಸಿಂಚನ ಎಂದು ತಿಳಿಯಿತು. ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಕಡ್ಡಿಯಂಥ ಹುಡುಗಿ. ಪಕ್ಕದಲ್ಲಿ ಮೋನಿಷಾ ಹಲ್ಲು ಬಿಟ್ಟುಕೊಂಡು ಕೂತಿದ್ದಳು, ಪುಣ್ಯಕ್ಕೆ ಅವತ್ತು ಬಂದಿದ್ದಳು.

“ಪಕ್ಕದವಳು ಬಂದವ್ಳೆ ಅಕ್ಕ, ಈಗ ಸರಿಯಾಗ್ ಬರ್ಕೊಡ್ತೀನಿ,” ಎಂದು ಸಿಂಚನ ಹಾಳೆ ಇಸಿದುಕೊಂಡು ಎರಡು ನಿಮಿಷದಲ್ಲಿ ಬರೆದಳು. ‘ಹತ್ತು. ನಿನ್ನೆ ಇವಳ ಮನೆಯ ಹಸು ಕರು ಹಾಕಿದೆ. ಹೆಣ್ಣು ಕರು. ಬಂದಾಗಿನಿಂದ ಅದನ್ನೇ ಹೇಳುತ್ತಿದ್ದಾಳೆ, ನನಗೆ ಸಾಕಾಗಿದೆ.’

ನಾನ್ನೂರು ಆಯಿತು. ಮಾರನೇ ದಿನ ಮೇಡಂ ಅದನ್ನೆಲ್ಲ ಎಣಿಸಿ ತೆಗೆದುಕೊಂಡದ್ದು, ಮುಂದೆ ಸಹಿ ಹಾಕಿದ್ದು ಎಲ್ಲ ಸರಾಗವಾಗಿ ಆಯಿತು. ನನ್ನ ನೆನಪಿನಲ್ಲಿ ಉಳಿದಿರುವುದು ಆ ಶುಕ್ರವಾರದ ಮಧ್ಯಾಹ್ನವೇ. ನಾಗು ಹಾಳೆಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು, “ಮುಗೀತು ಮಾಮ,” ಅಂದಳು. ಅಂದು ಸುಮ್ಮನೆ ನಿಂತಳು. ಏಳು ವರ್ಷ ಇದೊಂದು ಮುಗೀಲಿ ಎಂದವಳಿಗೆ, ಮುಗಿದ ಮೇಲೆ ಏನು ಮಾಡಬೇಕೆಂದು ಗೊತ್ತಿದ್ದಂತೆ ಕಾಣಲಿಲ್ಲ.

ಊಟದ ಗಂಟೆ ಹೊಡೆಯಿತು. ನಾಗುವಿನ ಕೈ ಚೀಲದ ಪಕ್ಕದ ಜೇಬಿನ ಬಿಸ್ಕತ್ತಿಗೆ ಹೋಯಿತು. ಅಷ್ಟರಲ್ಲಿ ಸಿಂಚನ ಎರಡು ಸ್ಟೀಲ್ ತಟ್ಟೆ ತೊಳೆದುಕೊಂಡು ಬಂದು ಒಂದನ್ನು ಅವಳ ಕೈಗೆ ಕೊಟ್ಟಳು. “ಬನ್ನಿ ಅಕ್ಕ. ಇವತ್ತು ಸೊಪ್ಪಿನ ಸಾರು.” ಬೇಡ ಎನ್ನಲು ನಾಗು ಬಾಯಿ ತೆರೆದಳು. ಸಿಂಚನ ಕಾಯಲಿಲ್ಲ.

ವರಾಂಡದಲ್ಲಿ ಮಕ್ಕಳ ಸಾಲು ಕೂತಿತ್ತು. ಸಿಂಚನ, ನಾಗು, ಮೋನಿಷಾ. ಅನ್ನ ಬಿತ್ತು, ಸಾರು ಬಿತ್ತು. ನಾಗು ಮೊದಲು ಬೆರಳ ತುದಿಯಲ್ಲಿ ಕಲಸಿದಳು, ಆಮೇಲೆ ಇಡೀ ಕೈ ಹಾಕಿದಳು. ಸಿಂಚನ ತನ್ನ ತಟ್ಟೆ ಬಿಟ್ಟು ಅವಳನ್ನೇ ನೋಡುತ್ತಿದ್ದಳು.

“ಅಕ್ಕ, ಇವತ್ತು ನಿಮ್ಗೆ ಆರು ಹಾಕ್ಬೌದು.”

“ಆರಾ? ಹೆಂಗೆ?”

“ನೆನ್ನೆ ಮೂರಿತ್ತು. ಫಾರಂ ಮುಗೀತಲ್ಲ, ಅದುಕ್ಕೆರಡು. ಅನ್ನ ತಿಂತಾ ಇದ್ದೀರಲ್ಲ, ಅದುಕ್ಕೊಂದು.”

ಬಾಗಿಲಲ್ಲಿ ನಿಂತಿದ್ದ ನಾನು ಮನಸ್ಸಿನಲ್ಲೇ ಕೂಡಿ ನೋಡಿದೆ. ಲೆಕ್ಕ ಸರಿಯಾಗಿತ್ತು.

“ಮಿಕ್ಕ ನಾಲ್ಕು?” ಎಂದಳು ನಾಗು. ನಗುತ್ತಿದ್ದಳು. ಬಾಯಲ್ಲಿ ಅನ್ನವಿತ್ತು, ಕಣ್ಣಲ್ಲಿ ನೀರಿತ್ತು, ಸಾರು ಖಾರವಿರಲಿಲ್ಲ.

“ಅದು ಒಂದಿನ ಕೂತ್ಕಂಡ್ರೆ ಗೊತ್ತಾಗಕಿಲ್ಲ ಅಕ್ಕ. ಪಕ್ಕದಲ್ಲಿರೋರು ದಿನಾ ನೋಡ್ತಾ ಇರ್ಬೇಕು.”

ಸ್ಟಾಫ್ ರೂಮಿನಿಂದ ನನ್ನ ಶಿಷ್ಯ ಕೂಗಿದ, “ಸಾ, ಡಬ್ಬಿ ಬಿಚ್ಚಿದೀವಿ, ಬನ್ನಿ.” ನಾನು ಹೋಗಲಿಲ್ಲ. ಗೋಡೆಯ ಹತ್ತಿರ ಪೇರಿಸಿದ್ದ ತಟ್ಟೆಗಳಲ್ಲಿ ಒಂದನ್ನು ತೆಗೆದುಕೊಂಡು ಹೋಗಿ, “ಒಸಿ ಅತ್ಲಾಗ್ ಸರಿಯವ್ವ ಮೋನಿಷಾ,” ಅಂದೆ. ನೆಲದ ಮೇಲೆ ಕೂತು ಬಹಳ ವರ್ಷವಾಗಿತ್ತು. ಮಂಡಿಗಳೆರಡೂ ಸದ್ದು ಮಾಡಿದವು, ಸಾಲಿಗೆ ಸಾಲೇ ತಿರುಗಿ ನೋಡಿತು. ನಾಗು ನನ್ನ ತೋಳು ಹಿಡಿದು ಕೂರಿಸಿಕೊಂಡಳು.

ಸಿಂಚನ ಬಗ್ಗಿ ನನ್ನನ್ನೊಮ್ಮೆ ನೋಡಿ, ತುತ್ತು ಕಲಸುತ್ತ, “ಈಗ ಅಕ್ಕಂಗೆ ಏಳು,” ಅಂದಳು.